ಕ್ಷೌರದಂಗಡಿಯಲ್ಲಿ ಉಳಿದ ಕೋಟು

ಶವಪೆಟ್ಟಿಗೆಯ ಎಡಬದಿಯ ಹಿಡಿಕೆ ಹಿಡಿದು ನಾರ್ಮನ್ ಬ್ರೆಕೆ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಕ್ಷೌರಿಕ ಕ್ಲಿಫ್ ಎದುರಿಗೆ ಬಂದು ನಿಂತ. ಅವನ ತೋಳಿನ ಮೇಲೊಂದು ಬೂದು ಕೋಟು.

"ಆರ್ವಿಲ್‌ದು. ಮಂಗಳವಾರ ನನ್ನ ಅಂಗಡೀಲೇ ಉಳ್ಕೊಂಡ್ಬಿಡ್ತು. ಯಾರಿಗೆ ಕೊಡ್ಲಿ?"

"ಹೆಣ ಹೊತ್ಕೊಂಡಿದೀನಿ, ಕಾಣಲ್ವೇನೋ? ವರ್ನಾ ಕೈಗೆ ಕೊಡು."

ಆರ್ವಿಲ್ ಟ್ವೇಟನ್ ವಿಸ್ಕಾನ್ಸಿನ್ನಿನ ಈ ಸಣ್ಣ ಊರಲ್ಲಿ ನಲವತ್ತು ವರ್ಷ ಪಾಲುದಾರರಿಲ್ಲದೆ ಒಬ್ಬನೇ ವಕೀಲಿ ನಡೆಸಿದವನು. ಕ್ಲಿಫ್‌ನ ಕುರ್ಚಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡಿದ್ದಾಗ ಹೃದಯ ನಿಂತಿತು. ಉಳಿದರ್ಧವನ್ನು ಕ್ಲಿಫ್ ಆಮೇಲೆ ಶವಾಗಾರಕ್ಕೆ ಹೋಗಿ ಮುಗಿಸಿದ. ಸ್ನೇಹ ಅಂದರೆ ಹಾಗಿರಬೇಕು.

ಆರ್ವಿಲ್‌ನ ಗುಮಾಸ್ತೆ ವರ್ನಾ ಕೋಟನ್ನು ಮಡಚುವಾಗ ಒಳಜೇಬಿನಲ್ಲಿ ಕಾಗದ ಸದ್ದು ಮಾಡಿತು. ತೆಗೆದು ನೋಡಿದವಳು, ಪೆಟ್ಟಿಗೆಯನ್ನು ಗಾಡಿಗೇರಿಸಿ ನಿಂತಿದ್ದ ನಾರ್ಮನ್‌ನ ಬಳಿ ಓಡಿದಳು.

"ನಾರ್ಮನ್... ಇದು ಆರ್ಡಿಸ್ ಮೋಯನ್ ದಾವೆ. ಸಹಿನೇ ಆಗಿಲ್ಲ."

"ಅದು ಮಂಗಳವಾರವೇ ಕೋರ್ಟಿಗೆ ಸೇರ್ತು ಅಂದ್ಯಲ್ಲ!"

"ಕೋರ್ಟಿಗೆ ಹೋಗ್ತೀನಿ ಅಂತ್ಲೇ ಹೊರಟ್ರು. ಕಟಿಂಗ್ ಮಾಡಿಸ್ದೆ ಅವ್ರು ಕೋರ್ಟಿನ ಮೆಟ್ಲು ಹತ್ತಿದ್ದುಂಟಾ? ನಂಗೆ ಹೊಳೀಲೇ ಇಲ್ಲ."

ಆರ್ಡಿಸ್ ಬಲಗೈಯನ್ನು ಜೋಳ ಕೀಳುವ ಯಂತ್ರ ನುಂಗಿ ಇಂದಿಗೆ ಸರಿಯಾಗಿ ಮೂರು ವರ್ಷ. ದಾವೆ ಹೂಡಲು ಇಂದೇ, ಈ ಶುಕ್ರವಾರವೇ, ಕೊನೆಯ ದಿನ. ತಪ್ಪಿದರೆ ಆ ಯಂತ್ರ ಮಾಡಿದ ಕಂಪನಿಯನ್ನು ಕೇಳುವವರೇ ಇಲ್ಲ.

* * *

ಕಳೆದ ಚಳಿಗಾಲದಲ್ಲಿ ಆರ್ವಿಲ್ ಒಂದು ಕಾಗದ ಹಿಡಿದು ನಾರ್ಮನ್‌ನ ಕಚೇರಿಗೆ ಬಂದಿದ್ದ. ಮೂವತ್ತು ವರ್ಷ ಕೋರ್ಟಿನಲ್ಲಿ ಎದುರುಬದುರು ನಿಂತು ಕಿತ್ತಾಡಿದ ಇಬ್ಬರು ವಕೀಲರು.

"ನಂಗೇನಾದ್ರೂ ಆದ್ರೆ ನನ್ನ ಕಕ್ಷಿದಾರರನ್ನ ನೀನು ನೋಡ್ಕೋಬೇಕು. ಇಲ್ಲಿ ಸಹಿ ಹಾಕು."

"ನಾನೇ ಯಾಕೆ? ನಿನ್ನ ಕಂಡ್ರೆ ಆಗಲ್ಲ ನಂಗೆ."

"ಅದಕ್ಕೇ ಕಣೋ. ನನ್ನ ತಪ್ಪು ಹುಡುಕೋದ್ರಲ್ಲಿ ನಿನ್ನಷ್ಟು ಶ್ರದ್ಧೆ ಯಾರಿಗಿದೆ?"

ನಾರ್ಮನ್ ಸಹಿ ಹಾಕಿದ. ಅಣಕಿಸದೆ ಬಿಡಲಿಲ್ಲ. ದಾವೆ ಹೂಡಿದಾಗಲೆಲ್ಲ ಆರ್ವಿಲ್ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಮೊಹರು ಬಿದ್ದ ಪ್ರತಿಯನ್ನು ತಲೆಯ ಮೇಲೆತ್ತಿ ಹಿಡಿಯುತ್ತಿದ್ದ, ರಸ್ತೆಯಾಚೆ ಕಾಯುವ ಕಕ್ಷಿದಾರ ನೋಡಲಿ ಅಂತ. "ಆ ಮೀನು ಹಿಡಿದವನ ಪೋಸು ಮಾತ್ರ ನನ್ನಿಂದಾಗಲ್ಲ" ಅಂದಿದ್ದ ನಾರ್ಮನ್.

ಸತ್ತ ಸುದ್ದಿ ಬಂದ ಮೇಲೆ ಎರಡು ದಿನ ಅವನೂ ವರ್ನಾಳೂ ಕೂತು ನೂರಹನ್ನೊಂದು ಕಡತ ಬಿಚ್ಚಿದರು. ಎಲ್ಲರಿಗೂ ಫೋನ್ ಹೋಯಿತು: ನಿಮ್ಮ ಕಾಗದ ಭದ್ರವಾಗಿದೆ, ಬೇಕಾದ ವಕೀಲರನ್ನು ಆರಿಸಿಕೊಳ್ಳಿ, ಅಲ್ಲಿಯವರೆಗೆ ನಾನಿದ್ದೇನೆ. ಒಂದು ಕಡತವನ್ನು ಮಾತ್ರ ನಾರ್ಮನ್ ವರ್ನಾಳ ಮಾತು ನಂಬಿ ಪಕ್ಕಕ್ಕಿಟ್ಟಿದ್ದ.

* * *

ಅವನು ಚರ್ಚಿನ ಅಂಗಳದಲ್ಲಿ ಮೊದಲು ಆರ್ಡಿಸ್‌ಳನ್ನು ಹುಡುಕಿದ.

"ಅಮ್ಮಾ, ನಿಮ್ಮ ದಾವೆ ಇನ್ನೂ ಹೂಡಿಲ್ಲ. ನಾನು ವಿಚಾರಿಸ್ಬೇಕಿತ್ತು, ವಿಚಾರಿಸ್ಲಿಲ್ಲ. ಈಗ ನಾನು ಸಹಿ ಹಾಕ್ಬಹುದು, ನೀವು ಒಪ್ಪಿದ್ರೆ."

ಆರ್ಡಿಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆರ್ವಿಲ್ ನಿಮ್ಮನ್ನ ಹಠಮಾರಿ ಅಂತಿದ್ರು."

"ಸುಳ್ಳಲ್ಲ."

"ಹಾಗಿದ್ರೆ ಹಾಕಿ."

ಮುಂದಿನ ಕಾರಿನ ಬಾನೆಟ್ಟಿನ ಮೇಲಿಟ್ಟು ನಾರ್ಮನ್ ಸಹಿ ಹಾಕಿದ. ಆದರೆ ಕೊಡುವುದು ಯಾರಿಗೆ? ಆರ್ವಿಲ್‌ನ ಗೌರವಾರ್ಥ ಕೋರ್ಟಿನ ಕಚೇರಿಗೆ ಮಧ್ಯಾಹ್ನವೇ ಬೀಗ ಬಿದ್ದಿತ್ತು! ಬೀಗ ಹಾಕಿದ ಕೋರ್ಟಿನ ಗುಮಾಸ್ತೆ ಹ್ಯಾರಿಯೆಟ್ ಅಲ್ಲೇ ಟೋಪಿ ಧರಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಸೋಮವಾರ ತಗೊಂಡ್ರೆ ಆಗಲ್ವಾ? ನಾವೇ ಬಾಗ್ಲು ಹಾಕಿದ್ದಲ್ವಾ?"

"ಅದನ್ನ ಕಂಪನಿ ವಕೀಲರು ಒಪ್ಕೋತಾರಾ? ಆ ಜೂಜು ನಾನಾಡಲ್ಲ."

ಸ್ಮಶಾನ ಮೂವತ್ತು ಮೈಲಿ ದೂರ. ಮಣ್ಣು ಮಾಡಿ ಬರುವಷ್ಟರಲ್ಲಿ ಕಚೇರಿಯ ಹೊತ್ತು ಮೀರುತ್ತದೆ. ನಾರ್ಮನ್ ಶವದ ಗಾಡಿಯ ಚಾಲಕನ ಬಳಿ ಹೋದ.

"ಕೋರ್ಟಿನ ಮುಂದೆ ನಿಲ್ಸು."

"ನಡುದಾರೀಲಿ ನಿಲ್ಸೋ ಪದ್ಧತಿ ಇಲ್ಲ ಸಾರ್."

"ಅವನು ಮಂಗಳವಾರ ಹೊರಟಿದ್ದೇ ಅಲ್ಲಿಗೆ ಕಣಯ್ಯ. ತಲುಪ್ಸು."

ಮೂರು ಗಂಟೆಗೆ ಇಪ್ಪತ್ತೇಳು ಕಾರುಗಳು ಹಗಲಲ್ಲೇ ದೀಪ ಉರಿಸಿಕೊಂಡು ಕೋರ್ಟಿನ ಮುಂದೆ ನಿಂತವು. ಹ್ಯಾರಿಯೆಟ್ ಬೀಗ ತೆರೆದು, ಟೋಪಿಯನ್ನೂ ತೆಗೆಯದೆ ಕೌಂಟರಿನ ಹಿಂದೆ ಹೋಗಿ ಮೊಹರು ಒತ್ತಿದಳು. ತಾರೀಖನ್ನು ನಾರ್ಮನ್ ಎರಡು ಸಲ ಓದಿದ.

ಹೊರಬಂದವನು ಮೆಟ್ಟಿಲ ಮೇಲೆ ನಿಂತ. ಶವದ ಗಾಡಿಯ ಹಿಂದೆ, ಮೂರನೆಯ ಕಾರಿನ ಗಾಜಿಗೆ ಆರ್ಡಿಸ್ ಮುಖ ಒತ್ತಿಕೊಂಡಿದ್ದಳು. ನಾರ್ಮನ್ ಅತ್ತಿತ್ತ ನೋಡಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಎರಡೂ ಕೈಯಿಂದ ಆ ಕಾಗದವನ್ನು ತಲೆಯ ಮೇಲೆತ್ತಿ ಹಿಡಿದ.

ಕಾರಿನ ಗಾಜು ಕೆಳಗಿಳಿಯಿತು. ಒಂದು ಎಡಗೈ ಹೊರಬಂದು ಮೇಲೆದ್ದಿತು.