ಮೇಲಿನ ಮಹಡಿಯ ಹೆಂಗಸರು

ಮೊದಲು ವಸತಿಗೃಹಕ್ಕೆ ಬಣ್ಣ ಬಳಿದರು. ಆಮೇಲೆ ಫುಟ್‌ಬಾಲ್ ಹುಡುಗರು ಬಂದು ಕೆಳಗಿನ ಮಹಡಿ ಹಿಡಿದರು. ಮರುದಿನ ಮಧ್ಯಾಹ್ನ ಭಾರ ಎತ್ತುವ ಸ್ಪರ್ಧೆಯ ಹೆಂಗಸರಿಗೆ ಉಳಿದಿದ್ದ ಮೇಲಿನ ಮಹಡಿ ಸಿಕ್ಕಿತು. ಜಗಳ ಹತ್ತಿಕೊಂಡದ್ದು ಆ ಸಂಜೆ.

ಪೆಸಿಫಿಕ್ ಕ್ರೀಡಾಕೂಟ ಸಾಲೊಮನ್ ದ್ವೀಪಗಳಿಗೆ ಬಂದದ್ದು ಅದೇ ಮೊದಲು. ರಾಜಧಾನಿ ಹೊನಿಯಾರಾದ ಬೀದಿಬೀದಿಯಲ್ಲೂ ಬಾವುಟ. ಬೆಳಗಾದರೆ ಆ ಹೆಂಗಸರಲ್ಲೊಬ್ಬಳಾದ ಜಿನೆಟ್ ಫಿಯುಗಾಳ ಸ್ಪರ್ಧೆ. ಅವಳಿಗೆ ಬೇಕಾಗಿದ್ದುದು ನೆಮ್ಮದಿಯ ನಿದ್ದೆ ಮಾತ್ರ.

ಫುಟ್‌ಬಾಲ್ ತಂಡದ ಮೇಲ್ವಿಚಾರಕ ಬಾರ್ನಬಸ್ ಇರೋಗಾ ಅಂಗಳದಲ್ಲೇ ನಿಂತು ಕೂಗಿದ. "ಜಿನೆಟ್, ಹಾಸಿಗೆ ಕಟ್ಟಿ. ನೀವೆಲ್ಲ ಪಕ್ಕದ ಶಾಲೆಗೆ ಹೋಗಿ ಮಲಗಿ."

"ಶಾಲೇಲಿ ಬರೀ ಸಿಮೆಂಟು ನೆಲ, ಮಾವ," ಎಂದಳು ಜಿನೆಟ್ ಮೇಲಿನ ಕಿಟಕಿಯಿಂದ.

"ನಮ್ಮ ಹುಡುಗರ ತಲೆ ಮೇಲೆ ಹೆಂಗಸರು ಓಡಾಡೋದು ಅಂದ್ರೇನು? ನೀನು ನಮ್ಮ ಮಲೈಟಾ ದ್ವೀಪದವಳು. ನಿನಗೂ ಹೇಳಿಕೊಡಬೇಕಾ?"

ಬೇಕಿರಲಿಲ್ಲ. ಅಣ್ಣಂದಿರು ಮರದಡಿ ಕೂತಿದ್ದಾಗ ಜಿನೆಟ್ ಒಮ್ಮೆಯೂ ಹಲಸು ಕೀಳಲು ಕೊಂಬೆ ಹತ್ತಿದವಳಲ್ಲ. ಹತ್ತಿದ್ದರೆ ಅಪ್ಪ ಹಂದಿಯೊಂದನ್ನು ದಂಡ ತೆರಬೇಕಿತ್ತು. ಗಂಡಸರ ತಲೆಗಿಂತ ಮೇಲೆ ಹೆಂಗಸು ಇರಬಾರದೆಂಬ ಆ ಕಟ್ಟಳೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಬೇರೆಯದಕ್ಕೆ.

"ಯಾವ ಮಹಡಿ ಬೇಕೂಂತ ಕೂಟದವರು ಮೊದಲು ಕೇಳಿದ್ದು ನಿಮ್ಮನ್ನೇ ಅಲ್ವಾ? ಮೇಲೆ ಹೆಂಗಸರು ಬರ್ತಾರೇಂತಲೂ ಹೇಳಿದ್ರಂತೆ."

"ಹುಡುಗರು ಆಡಬೇಕು. ಮೆಟ್ಟಿಲು ಹತ್ತಿ ಕಾಲು ಸೋತರೆ?"

"ನಾನೇನು ನಾಳೆ ಕೈ ಬೀಸ್ಕೊಂಡು ಮದುವೆ ಊಟಕ್ಕೆ ಹೋಗ್ತಿದೀನಾ?"

ಅವಳ ತಂಡದ, ದೇಶದ ಪಶ್ಚಿಮ ದ್ವೀಪಗಳ ಮೆಲ್ವಾ ಪಕ್ಕದ ಕಿಟಕಿಯಿಂದ ಇಣುಕಿದಳು. "ನಮ್ಮೂರಲ್ಲಿ ಈ ತಾಪತ್ರಯ ಇಲ್ಲಪ್ಪ. ನಮ್ಮ ಗಂಡಸರ ತಲೇಲಿ ಮೈಲಿಗೆ ಆಗೋವಂಥದ್ದೇನೂ ಇಲ್ಲ."

ಹುಡುಗರಿಬ್ಬರು ನಕ್ಕರು. ಬಾರ್ನಬಸ್ ಅವರತ್ತ ಕೆಕ್ಕರಿಸಿ ನೋಡಿ, ದನಿ ತಗ್ಗಿಸಿದ. "ಎದುರು ಕಟ್ಟಡದಿಂದ ಫಿಜಿ ತಂಡದವರು ನೋಡ್ತಿದಾರೆ, ಮಗಳೇ. ದೇಶದ ಮಾನ ಕಳೀಬೇಡ."

ತಪ್ಪು ಅವನದು, ಸಿಮೆಂಟು ನೆಲ ಅವಳದು, ಮಾನ ಮಾತ್ರ ದೇಶದ್ದು. ಜಿನೆಟ್ ಚೀಲ ಎತ್ತಿಕೊಂಡು ಹೊರಬಂದಳು. ಬಾರ್ನಬಸ್ ಗೆದ್ದೆನೆಂದು ದಾರಿ ಬಿಟ್ಟ. ಆದರೆ ಅವಳು ಅರ್ಧ ಮೆಟ್ಟಿಲಿಳಿದು, ಮೆಟ್ಟಿಲು ತಿರುಗುವ ನಡುವಿನ ಜಗಲಿಯಲ್ಲಿ ಚೀಲ ಇಟ್ಟು, ಅದರ ಮೇಲೆ ಕೂತುಬಿಟ್ಟಳು. ಕೆಳಗಿನ ಮಹಡಿಗೆ ಇದ್ದ ಒಂದೇ ಬಾಗಿಲು ಸರಿಯಾಗಿ ಆ ಜಗಲಿಯ ಅಡಿಯಲ್ಲಿತ್ತು.

ಹುಡುಗರೆಲ್ಲ ಅಂಗಳದಲ್ಲಿದ್ದರು. ಅವರ ಅನ್ನ, ಮೀನು, ಚಾಪೆ ಎಲ್ಲ ಒಳಗೆ. ಬಾಗಿಲಿನತ್ತ ಹೆಜ್ಜೆ ಇಟ್ಟವನೊಬ್ಬ ತಲೆಯೆತ್ತಿ ಅವಳನ್ನು ನೋಡಿ ಹಿಂದೆ ಸರಿದ.

"ಇಳಿ," ಎಂದ ಬಾರ್ನಬಸ್.

"ಇಳೀತೀನಿ. ನಾವು ಅಂಗಳಕ್ಕೆ ಬರ್ತೀವಿ, ನೀವು ನಿಮ್ಮ ಸಾಮಾನು ಮೇಲಕ್ಕೆ ಸಾಗಿಸಿ. ಹಾಗಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ಕಟ್ಟಳೇನ ನಮ್ಮ ಮೇಲೇ ತಿರುಗಿಸ್ತೀಯಾ?"

"ಪಾಲಿಸ್ತಿದೀನಿ, ಮಾವ. ನೀವೂ ಪಾಲಿಸಿ."

ಅನ್ನ ಆರುತ್ತಿತ್ತು. ಹಿಂದಿನಿಂದ ಒಬ್ಬ ಗೊಣಗಿದ: "ಹೇಳಿಬಿಡಿ, ಹಸಿವಾಗ್ತಿದೆ." ಬಾರ್ನಬಸ್ ನೆಲ ನೋಡುತ್ತ ಹೇಳಿದ. ಕೇಳಿಸಲಿಲ್ಲ ಎಂದಳು ಮೆಲ್ವಾ. ಅವನು ಮತ್ತೆ ಹೇಳಬೇಕಾಯಿತು.

ಕತ್ತಲಾಗುವ ಮೊದಲೇ ಅದಲುಬದಲು ಮುಗಿಯಿತು. ಜಿನೆಟ್ ನಿದ್ದೆ ಮಾಡಿದಳು. ಮರುದಿನ ಆರು ಯತ್ನಗಳಲ್ಲಿ ನಾಲ್ಕು ಸಲ ಭಾರವೆತ್ತಿ ನಾಲ್ಕನೆಯ ಸ್ಥಾನ ಪಡೆದಳು. ಕೂಟ ಮುಗಿಯುವವರೆಗೆ ಮೆಟ್ಟಿಲು ಹತ್ತಿಳಿದ ಹುಡುಗರಲ್ಲಿ ಕಾಲು ಸೋತಿತೆಂದವನು ಒಬ್ಬನೂ ಇರಲಿಲ್ಲ.