ಬಾಯಿ ಮಾತ್ರ ಆಡಿಸು

ಶನಿವಾರದ ಭಜನೆಯಲ್ಲಿ ಗೋಮತಿ ಎರಡನೇ ಸಾಲಿನಲ್ಲಿ, ಕಂಬದ ಪಕ್ಕ ಕೂರುತ್ತಿದ್ದಳು. ತಾಳ ಹಿಡಿದ ಪ್ರಭಾವತಿ ಅಕ್ಕ ಒಂದು ಸಾಲು ಹೇಳಿಕೊಟ್ಟರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುವುದು ರೂಢಿ. ಗೋಮತಿಯ ಬಾಯಿ ಅವರೊಂದಿಗೇ ತೆರೆಯುತ್ತಿತ್ತು, ಅವರೊಂದಿಗೇ ಮುಚ್ಚುತ್ತಿತ್ತು. ದನಿ ಮಾತ್ರ ಹೊರಡುತ್ತಿರಲಿಲ್ಲ. ಮದುವೆಯಾಗಿ ಕೋಟಕ್ಕೆ ಬಂದಾಗಿನಿಂದ ಹೀಗೇ ನಡೆದಿತ್ತು. ಒಮ್ಮೆ ಪ್ರಭಾವತಿ ಅಕ್ಕ, "ಗೋಮತೀ, ನಿನ್ ಸ್ವರ ಒಂಚೂರ್ ಸಣ್ಣ. ಆದ್ರೂ ಚಂದ ಇತ್ತ್ ಮರಾಯ್ತಿ" ಎಂದು ಹೊಗಳಿಯೂ ಇದ್ದರು. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ ಅವಳಿಗೆ ನಗು ಬಂತು. ಆಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಇದನ್ನು ಅವಳು ಕಲಿತದ್ದು ಗುಲ್ವಾಡಿಯ ಶಾಲೆಯಲ್ಲಿ. ಆಗಸ್ಟ್ ಹದಿನೈದರ ಸಮೂಹಗೀತೆಗೆ ಮಕ್ಕಳನ್ನು ನಿಲ್ಲಿಸಿ, ಟೀಚರ್ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತಂದು ಕೇಳುತ್ತ ಬಂದರು. ಇವಳ ಎದುರು ನಿಂತು, ಹೆಗಲ ಮೇಲೆ ಕೈಯಿಟ್ಟು, "ನೀನ್ ಬಾಯಿ ಮಾತ್ರ ಆಡ್ಸ್, ಆಯ್ತಾ?" ಎಂದರು. ಬೈದು ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ಸಾಲಿನಿಂದ ತೆಗೆಯಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವೇ ಆಗಿತ್ತು. ಅವ್ವೆಯ ಕೈಯಲ್ಲಿ ಬಿಳಿ ರಿಬ್ಬನ್ ಕಟ್ಟಿಸಿಕೊಂಡು, ಎಲ್ಲರ ನಡುವೆ ನಿಂತು, ಹಾಡದೆ ಹಾಡಿ ಬಂದಿದ್ದಳು.

ಹೆಣ್ಣು ನೋಡಲು ಬಂದವರು "ಹಾಡ್ ಬತ್ತಾ?" ಎಂದು ಕೇಳಿದಾಗ ಚಿಕ್ಕಮ್ಮ ಒಳಗಿನಿಂದಲೇ, "ಬತ್ತ್, ಬತ್ತ್. ಇವತ್ತ್ ಹೆಣ್ಣಿಗೆ ಶೀತ" ಎಂದು ಪಾರು ಮಾಡಿದ್ದರು. ಗಂಡ ಮಧುಸೂದನನಿಗೆ ದೇವಸ್ಥಾನದ ಕಚೇರಿಯಲ್ಲಿ ಕೆಲಸ; ಬಿಡುವಿನಲ್ಲಿ ತಾಳಮದ್ದಳೆಗೆ ಮದ್ದಳೆ ಬಾರಿಸಲು ಹೋಗುತ್ತಿದ್ದ. ಯಾರದಾದರೂ ಸ್ವರ ಕೂದಲೆಳೆ ಜಾರಿದರೂ ಅವನ ಮುಖ ಹುಣಸೆಹುಳಿ ಕಚ್ಚಿದವನ ಹಾಗೆ ಆಗುತ್ತಿತ್ತು. ಆ ಮುಖವನ್ನು ಮೊದಲ ಸಲ ನೋಡಿದ ದಿನವೇ ಗೋಮತಿ ಮನೆಯಲ್ಲೂ ಹಾಡಬಾರದೆಂದು ತೀರ್ಮಾನಿಸಿದಳು. ಗ್ರೈಂಡರ್ ತಿರುಗುವಾಗ ಮಾತ್ರ ಹಾಡುತ್ತಿದ್ದಳು. ಉದ್ದು ರುಬ್ಬುವಷ್ಟು ಹೊತ್ತು ಕಲ್ಲಿನ ಗಡಗಡದೊಳಗೆ ತನ್ನ ದನಿಯನ್ನು ಬಿಟ್ಟು, ಸ್ವಿಚ್ ತೆಗೆಯುವ ಮೊದಲು ಬಾಯಿ ಮುಚ್ಚುತ್ತಿದ್ದಳು. ಹಾಡಿದ್ದು ಹೇಗಿತ್ತೆಂದು ಅವಳಿಗೂ ಕೇಳುತ್ತಿರಲಿಲ್ಲ. ಆದರೂ ದೋಸೆಗೆ ನೆನೆಹಾಕುವ ದಿನ ಬೆಳಗಿನಿಂದಲೇ ಏನೋ ಒಂದು ಕಾಯುವಿಕೆ ಇರುತ್ತಿತ್ತು.

ಮಗಳು ಅನ್ವಿತಾ ಈ ವರ್ಷ ಕುಂದಾಪುರದ ಕಾಲೇಜಿಗೆ ಪಿಯುಸಿಗೆ ಸೇರಿದ್ದಳು. ಊರಿನ ಶಾಲೆಯ ಗೆಳತಿಯರೆಲ್ಲ ಬ್ರಹ್ಮಾವರದ ಕಡೆ ಹೋಗಿದ್ದರು. ಮೊದಲ ಕೆಲವು ತಿಂಗಳು ಅವಳ ಬುತ್ತಿ ಅರ್ಧಕ್ಕರ್ಧ ಹಾಗೇ ವಾಪಸು ಬರುತ್ತಿತ್ತು. "ಯಾರ್ ಒಟ್ಟಿಗೆ ಕೂತ್ ಉಂಬುದ್ ಹೆಣ್ಣೇ?" ಎಂದು ಕೇಳಿದರೆ, "ಎಲ್ಲರ್ ಒಟ್ಟಿಗೆ" ಎನ್ನುತ್ತಿದ್ದಳು. ಕಾಲೇಜಿನ ನೀರಿನ ನಳ್ಳಿಯ ಪಕ್ಕದ ಕಟ್ಟೆಯಲ್ಲಿ ಒಬ್ಬಳೇ ಕೂತು ಉಣ್ಣುವುದನ್ನು ಗೋಮತಿ ಒಮ್ಮೆ ಫೀಸು ಕಟ್ಟಲು ಹೋದಾಗ ಗೇಟಿನಿಂದಲೇ ಕಂಡಿದ್ದಳು, ಕಂಡದ್ದನ್ನು ಹೇಳಲಿಲ್ಲ.

ಆಮೇಲೆ ನಾಟಕ ಬಂತು. ಕೋಡಿಯ ಶ್ರೀಕರ ಎಂಬ ತರುಣ ಕಾಲೇಜಿನ ಮಕ್ಕಳಿಗೆ 'ಮೂರನೇ ಬೆಂಚು' ಎಂಬ ಹಾಡುನಾಟಕ ಕಲಿಸತೊಡಗಿದ. ಹೊಸದಾಗಿ ಕ್ಲಾಸಿಗೆ ಬಂದ ಹುಡುಗಿಯೊಬ್ಬಳು, ತನ್ನ ಪಕ್ಕ ಯಾರೂ ಕೂರದ್ದಕ್ಕೆ ನಾಚಿ, ಅಲ್ಲಿ ತನ್ನ ಚೀಲ ಇಟ್ಟುಕೊಳ್ಳುತ್ತಾಳೆ. ಇದು ನನ್ನ ಗೆಳತಿಯ ಜಾಗ, ಅವಳು ನಾಳೆ ಬರುತ್ತಾಳೆ ಎನ್ನುತ್ತಾಳೆ. ಇಲ್ಲದ ಗೆಳತಿಯ ಬಗ್ಗೆ ಅವಳು ದಿನಕ್ಕೊಂದು ಕಥೆ ಹೇಳುತ್ತ ಹೋದಂತೆ, ಕಡೆಗೆ ಇಡೀ ಕ್ಲಾಸು ಆ ಗೆಳತಿಯನ್ನು ಕಾಯತೊಡಗುತ್ತದೆ. ಇದಿಷ್ಟು ಕಥೆ. ಅನ್ವಿತಾ ಆ ಕ್ಲಾಸಿನ ಮಕ್ಕಳಾಗಿ ಹಾಡುವ ಗುಂಪಿನಲ್ಲಿದ್ದಳು. ಈಗ ಬುತ್ತಿ ಖಾಲಿಯಾಗಿ ಬರುತ್ತಿತ್ತು. ದೀಕ್ಷಿತಾ, ಪ್ರಣೀತಾ, ನಿತೇಶ್ ಎಂಬ ಹೆಸರುಗಳು ಮನೆಯೊಳಗೆ ಓಡಾಡತೊಡಗಿದವು. ಒಂದು ಸಂಜೆ ಬಸ್ಸಿಳಿದು ಬಂದವಳೇ, ಚಪ್ಪಲಿ ಬಿಡುತ್ತಲೇ ಕೂಗಿದಳು: "ಅಪ್ಪಯ್ಯಾ, ನಂಗೆ ಒಬ್ಳೇ ಹಾಡುಕೆ ನಾಲ್ಕ್ ಸಾಲ್ ಕೊಟ್ರ್!"

ಮಧುಸೂದನ ಅದನ್ನು ಕೇರಿಗೆಲ್ಲ ಹೇಳಿದ. ಬೈಂದೂರಿನಲ್ಲಿದ್ದ ತನ್ನ ಅಕ್ಕನಿಗೂ ಫೋನು ಮಾಡಿದ. "ನನ್ ಕಿವಿ ಮಗ್ಳಿಗೆ ಬಂದಿತ್ತ್ ಕಾಣ್" ಎಂದು ಹೆಂಡತಿಯ ಎದುರು ಎರಡು ದಿನ ಬೀಗಿದ.

ನಾಟಕದ ವಾರ ಅನ್ವಿತಾ ವೇಷದ ಹಳದಿ ಶಾಲನ್ನು ಮನೆಯಲ್ಲೇ ಮರೆತು ಹೋದಳು. ಗೋಮತಿ ಅದರ ಅಂಚು ಹೊಲಿದು, ಮಡಚಿ, ಮಧ್ಯಾಹ್ನದ ಬಸ್ಸು ಹತ್ತಿ ಕುಂದಾಪುರಕ್ಕೆ ತೆಗೆದುಕೊಂಡು ಹೋದಳು. ಸಭಾಂಗಣದ ಬಾಗಿಲು ತೆರೆದಿತ್ತು. ತಾಲೀಮು ನಡೆಯುತ್ತಿದ್ದದ್ದರಿಂದ ಹಿಂದಿನ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತಳು.

ಮಕ್ಕಳು ಹಾಡುತ್ತಿದ್ದರು. ಅನ್ವಿತಾ ಕಡೆಯ ಸಾಲಿನಲ್ಲಿ, ದೀಕ್ಷಿತಾಳ ಪಕ್ಕ ನಿಂತಿದ್ದಳು. ಅವಳ ಬಾಯಿ ಚೆನ್ನಾಗಿ ತೆರೆಯುತ್ತಿತ್ತು. ಉಳಿದವರಿಗಿಂತ ಒಂಚೂರು ಹೆಚ್ಚೇ ತೆರೆಯುತ್ತಿತ್ತು. ಒಂದೊಂದು ಅಕ್ಷರಕ್ಕೂ ತುಟಿ ಅಷ್ಟು ಶ್ರದ್ಧೆಯಿಂದ ಮುಚ್ಚುತ್ತಿತ್ತು. ಸಾಲು ಮುಗಿದಾಗ ಉಳಿದ ಮಕ್ಕಳ ಹೆಗಲು ಉಸಿರಿಗಾಗಿ ಮೇಲೆದ್ದು ಇಳಿಯುತ್ತಿದ್ದರೆ ಅನ್ವಿತಾಳ ಹೆಗಲು ಏಳುತ್ತಿರಲಿಲ್ಲ. ಅವಳಿಗೆ ಉಸಿರು ಖರ್ಚಾಗಿರಲೇ ಇಲ್ಲ.

ಗೋಮತಿಯ ಕೈಯಲ್ಲಿದ್ದ ಶಾಲು ಮುದ್ದೆಯಾಯಿತು. ಮಗಳು ಬಾಯಿ ಮಾತ್ರ ಆಡಿಸುತ್ತಿದ್ದದ್ದು ಲೋಕದಲ್ಲಿ ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಆ ನಾಲ್ಕು ಸಾಲು ಬಂತು. 'ಇಲ್ಲಿ ಯಾರೋ ಬರುವವರಿದ್ದಾರೆ, ಚೀಲ ಎತ್ತಬೇಡಿ' ಎಂದು ಶುರುವಾಗುವ ಸಾಲುಗಳು. ಒಂದು ಹೆಜ್ಜೆ ಮುಂದೆ ಬಂದು ಹಾಡಿದವಳು ದೀಕ್ಷಿತಾ.

ಶಾಲನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಗೋಮತಿ ಹೊರಟು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮಗಳು ಇದನ್ನು ಎಲ್ಲಿ ಕಲಿತಳು ಎಂದು ಯೋಚಿಸಿದಳು. ಯಾರು ಅವಳ ಹೆಗಲ ಮೇಲೆ ಕೈಯಿಟ್ಟರು? ಶ್ರೀಕರನೋ? ಅವನ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ದೀಕ್ಷಿತಾ ಹಾಡಿ ಹಿಂದೆ ಸರಿದಾಗ ಅನ್ವಿತಾ ಅವಳ ಬೆರಳಿಗೆ ಬೆರಳು ಸಿಕ್ಕಿಸಿ ನಕ್ಕದ್ದು ನೆನಪಾಯಿತು. ಆ ನಗು ಸುಳ್ಳಾಗಿರಲಿಲ್ಲ.

ಸಂಜೆ ಅನ್ವಿತಾ ಬಂದಾಗ ಗ್ರೈಂಡರ್ ತಿರುಗುತ್ತಿತ್ತು.

"ಶಾಲ್ ಇಟ್ಟಿಕ್ ಹಾಂಗೇ ಬಂದ್ಯಲೆ? ನನ್ನ್ ಕರೂಕೆ ಆಯ್ಲಿಲ್ಯಾ?"

"ಹಾಡ್ತಿದ್ರಿ ಎಲ್ಲ. ನಿಲ್ಸೂದ್ ಬ್ಯಾಡ ಅಂದ್ಹೇಳಿ ಬಂದೆ." ಗೋಮತಿ ಹಿಟ್ಟು ಕೂಡಿಸುತ್ತಲೇ ಇದ್ದಳು. "ನೀನ್ ಹಾಡ್ತಿರ್ಲಿಲ್ಲೆ."

ಅನ್ವಿತಾ ನೀರಿನ ಚೆಂಬನ್ನು ಬಾಯಿಗೆ ಹಿಡಿದವಳು ಹಾಗೇ ನಿಂತಳು.

"ಶ್ರೀಕರ ಮಾಸ್ಟ್ರ್ ಹೇಳಿರಾ, ಹಾಡ್ಬ್ಯಾಡ ಅಂದ್ಹೇಳಿ?"

"ಯಾರೂ ಹೇಳ್ಲಿಲ್ಲ." ಚೆಂಬು ಕೆಳಗಿಟ್ಟಳು. "ನಾಲ್ಕ್ ಸಾಲ್ ನಂಗೇ ಕೊಟ್ಟಿದ್ರ್. ನಾನೇ ಗಂಟ್ಲ್ ಸಮ ಇಲ್ಲೆ ಅಂದ್ಹೇಳಿ ದೀಕ್ಷಿತಾಗೆ ಬಿಟ್ಟ್ ಕೊಟ್ಟೆ. ನಾ ಹಾಡಿ, ಎಲ್ಲ ಒಂದ್ಸಲ ಸುಮ್ನಾಯಿ ಮುಖ ಮುಖ ಕಂಡ್ಕಂಡ್ರೆ? ಮತ್ತೆ ನಳ್ಳಿ ಬುಡದಗೇ ಉಂಬುಕ್ ಹೋಯ್ಕಾ ನಾನ್?"

ಗೋಮತಿ ಕಲ್ಲಿನ ಅಂಚಿಗೆ ಹತ್ತಿದ ಹಿಟ್ಟನ್ನು ಬೆರಳಿನಿಂದ ಬಳಿದಳು. "ಬಾಯಾಡ್ಸುಕೆ ಯಾರ್ ಕಲ್ಸ್ದ್ರ್ ನಿಂಗೆ?" ಎಂದಳು.

ಮಗಳು ಅವಳನ್ನೇ ನೋಡಿದಳು. "ನೀನೇ."

ಗ್ರೈಂಡರ್ ತಿರುಗುತ್ತಿತ್ತು.

"ನಾ ಸಣ್ಣದಿಪ್ಪೊತ್ತಿಗೆ ಭಜನಿಗೆ ಕರ್ಕಂಡ್ ಹೋತಿದ್ಯಲೆ. ಪ್ರಭಾವತಿ ಅಕ್ಕನ್ ಮಡ್ಲಗೆ ಕೂತ್ರೆ ನನ್ ಬೆನ್ನ್ ಗುಂಯ್ ಅಂತಿತ್ತ್. ಅವ್ರ್ ಹಾಡದ್ದ್ ನನ್ ಎಲುಬಿಗ್ ಬತ್ತಿತ್ತ್. ನಿನ್ ಮಡ್ಲಗೆ ಕೂತ್ರೆ ಎಂತದೂ ಇಲ್ಲೆ. ತಿರ್ಗಿ ಕಂಡ್ರೆ ಬಾಯಿ ಆಡ್ತಿತ್ತ್. ಹಾಡೂದಂದ್ರೆ ಹಾಂಗೇ ಅಂದ್ಹೇಳಿ ಎಣ್ಸಿದ್ದೆ ನಾನ್ ಸುಮಾರ್ ಟೈಮ್."

ಗೋಮತಿಯ ಕೈ ತನ್ನಷ್ಟಕ್ಕೇ ಎದೆಯ ಮೇಲೆ ಹೋಯಿತು. ಹಿಟ್ಟು ಸೀರೆಗೆ ಹತ್ತಿತು. ಇಷ್ಟು ವರ್ಷ ಕಂಬದ ಪಕ್ಕ ಕೂತು ಅವಳು ಎಲ್ಲರ ಕಿವಿಯನ್ನು ಕಾದಿದ್ದಳು. ಮಡಿಲಲ್ಲಿದ್ದ ಬೆನ್ನನ್ನು ಮರೆತಿದ್ದಳು.

ಜಗಲಿಯಿಂದ ಮಧುಸೂದನ ಫೋನು ಹಿಡಿದುಕೊಂಡೇ ಕೂಗಿದ. "ಹ್ವಾಯ್! ಅಕ್ಕ ಬೈಂದೂರಿಂದ. ಅನ್ವಿತನ್ ಹಾಡ್ ಎಷ್ಟ್ ಹೊತ್ತಿಗಂಬ್ರ್. ಅಷ್ಟೊತ್ತಿಗ್ ಸರಿ ಬತ್ರಂಬ್ರ್!"

ಮಗಳ ಮುಖ ಬಿಳಿಚಿತು. 'ಹೆಣ್ಣಿಗೆ ಶೀತ' ಎಂಬ ಮಾತು ಗೋಮತಿಯ ನಾಲಗೆಯ ತುದಿಗೇ ಬಂತು. ಚಿಕ್ಕಮ್ಮ ಕೊಟ್ಟುಹೋದ ಮಾತು. ಒಮ್ಮೆ ಕೆಲಸ ಮಾಡಿದ್ದು ಇನ್ನೊಮ್ಮೆಯೂ ಮಾಡುತ್ತಿತ್ತು. ಹೇಳಿಬಿಟ್ಟರೆ ಮಗಳು ನಾಟಕದ ದಿನ ಬಚಾವು. ಮುಂದೆ ಯಾವುದೋ ಊರಿನ, ಯಾವುದೋ ಕಂಬದ ಪಕ್ಕ ಅವಳೂ ಹೀಗೇ ಕೂತಿರುವುದು ಗೋಮತಿಯ ಕಣ್ಣಿಗೆ ಕಟ್ಟಿತು.

"ಒಬ್ಳೇ ಹಾಡೂದ್ ದೀಕ್ಷಿತ!" ಎಂದು ಕೂಗಿ ಹೇಳಿದಳು. "ನಮ್ ಹೆಣ್ಣ್ ಗುಂಪಗಿತ್ತ್. ಬೇಗ್ನೇ ಬಪ್ಪುಕ್ ಹೇಳಿ."

"ಎಂತಕ್ ಹೇಳ್ದೆ?" ಅನ್ವಿತಾಳ ಕಣ್ಣು ತುಂಬಿತು. "ನಿಂಗೆಂತ! ನೀ ಇಷ್ಟ್ ವರ್ಷ ಬಾಯಾಡ್ಸಿ ಆರಾಮಗಿದ್ದೆ. ಗ್ರೈಂಡರ್ ಹಾಕ್ಕಂಡ್ ಹಾಡೂದೂ ಗೊತ್ತಿತ್ತ್ ನಂಗೆ. ತೆಗಿ ಕಾಂಬ ಸ್ವಿಚ್! ತೆಗ್ದ್ ಹಾಡ್ ಕಾಂಬ!"

ಗೋಮತಿ ಸ್ವಿಚ್ ತೆಗೆದಳು. ಕಲ್ಲು ನಿಧಾನವಾಗಿ ನಿಂತಿತು. ಅಡುಗೆಮನೆ ಇಷ್ಟು ನಿಶ್ಶಬ್ದವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿ ತೆರೆದಳು. ಭಜನೆಯ ಮೊದಲ ಸಾಲು ನೆನಪಿತ್ತು. ಗಂಟಲಿನಿಂದ ಗಾಳಿ ಮಾತ್ರ ಬಂತು, ಸೈಕಲ್ ಟ್ಯೂಬಿನಿಂದ ಬಂದ ಹಾಗೆ. ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲೂ ಅಷ್ಟೇ.

ಅನ್ವಿತಾ ಅಳುತ್ತಲೇ ಕಿಸಕ್ಕೆಂದಳು. ಗೋಮತಿಗೂ ನಗು ಬಂತು.

"ಎಂತಾ ಅದ್ ನಗಾಡೂದ್ ಅಮ್ಮ-ಮಗ್ಳ್?" ಮಧುಸೂದನ ಬಾಗಿಲಲ್ಲಿ ಬಂದು ನಿಂತ. "ನಾಲ್ಕ್ ಸಾಲ್ ಇತ್ತ್ ಅಂದಿದ್ಯಲೆ? ನಾ ಊರಿಗೆಲ್ಲ ಹೇಳಿಯಾಯ್ತ್."

"ನೀವ್ ಹೇಳಿದ್ದ್ ನೀವೇ ಸುಧಾರ್ಸ್ಕಣಿ" ಎಂದಳು ಗೋಮತಿ. ಅವನು ಇಬ್ಬರ ಮುಖವನ್ನೂ ನೋಡಿ, ಇದು ತನಗೆ ತಿಳಿಯುವ ಸಂಗತಿಯಲ್ಲವೆಂದು ಹೊರಟುಹೋದ.

ಅನ್ವಿತಾ ಕಣ್ಣೊರೆಸಿಕೊಂಡಳು. "ಅಮ್ಮ, ಹಾಡಿ ತಪ್ಪಿರೆ?"

"ನಂಗೊತ್ತಿಲ್ಲೆ" ಎಂದಳು ಗೋಮತಿ. "ನಾನ್ ಜನರ್ ಎದ್ರ್ ಒಂದ್ಸಲವೂ ಹಾಡಿ ಕಾಣ್ಲಿಲ್ಲಲೆ."

ನಾಟಕದ ದಿನ ಬೈಂದೂರಿನ ಅತ್ತಿಗೆ ತನ್ನ ಪುಟ್ಟ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು. ಮಗು ಅಜ್ಜಿಯ ಹತ್ತಿರ ನಿಲ್ಲದೆ ಗೋಮತಿಯ ಮಡಿಲಿಗೆ ಹತ್ತಿ, ಬೆನ್ನು ಒರಗಿಸಿ ಕೂತಿತು. ಬಲಗಡೆ ಮಧುಸೂದನ. ಸಭಾಂಗಣದ ದೀಪಗಳು ಆರಿದವು.

ಹಳದಿ ಶಾಲಿನ ಮಕ್ಕಳು ಬಂದರು. ಗೋಮತಿ ಬೇರೇನನ್ನೂ ನೋಡಲಿಲ್ಲ; ಕಡೆಯ ಸಾಲಿನ ಒಂದು ಹೆಗಲನ್ನು ನೋಡಿದಳು. ಮೊದಲ ಹಾಡಿನಲ್ಲಿ ಅದು ಏಳಲಿಲ್ಲ. ಎರಡನೆಯದರಲ್ಲೂ ಏಳಲಿಲ್ಲ. ದೀಕ್ಷಿತಾ ತನ್ನ ನಾಲ್ಕು ಸಾಲು ಹಾಡಿದಳು, ಚೆನ್ನಾಗಿಯೇ ಹಾಡಿದಳು. ಅತ್ತಿಗೆ "ಪಾಪ, ಇದ್ ನಮ್ ಅನ್ವಿತ ಹಾಡ್ಕಿತ್ತ್" ಎಂದು ಪಿಸುಗುಟ್ಟಿದರು. ಕಡೆಗೆ ನಾಟಕದ ಹುಡುಗಿ ಬೆಂಚಿನ ಮೇಲಿದ್ದ ಚೀಲವನ್ನು ತಾನೇ ಎತ್ತಿ ನೆಲಕ್ಕಿಟ್ಟಳು. ಯಾರೂ ಬರುವವರಿಲ್ಲ ಎಂದಳು. ಆಮೇಲೆ ಎಲ್ಲರೂ ಸೇರಿ ಹಾಡತೊಡಗಿದರು.

ಸಾಲಿನ ಕೊನೆಯಲ್ಲಿ ಅನ್ವಿತಾಳ ಹೆಗಲು ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು.

ಮಧುಸೂದನ ಕುರ್ಚಿಯಲ್ಲಿ ಅಲುಗಾಡಿದ. ಕತ್ತಲಲ್ಲೂ ಅವನ ಮುಖ ಗೋಮತಿಗೆ ಕಂಡಿತು, ಹುಣಸೆಹುಳಿ ಕಚ್ಚಿದ ಮುಖ. ಅವಳ ಕಿವಿಯ ಹತ್ತಿರ ಬಾಗಿ ಅಂದ: "ಯಾರೋ ಒಂದ್ ಮಗು ಶ್ರುತಿ ಬಿಟ್ಟ್ ಹಾಡತ್ತ್ ಕಾಣ್. ಎಡಬದಿಯಗೆ. ಕೇಂತಾ?"

"ಕೇಂತ್" ಎಂದಳು ಗೋಮತಿ. "ನಮ್ಮದ್ದೇ ಅದ್."

ಅವನು ವೇದಿಕೆಯ ಎಡಬದಿಯನ್ನು ದಿಟ್ಟಿಸಿದ. ಅವನ ಬೆರಳು ಅಭ್ಯಾಸಬಲದಿಂದ ಮಂಡಿಯ ಮೇಲೆ ತಾಳ ಹಾಕತೊಡಗಿತು.

ಮಕ್ಕಳು ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ಗೋಮತಿಯ ತುಟಿಗಳು ಎಂದಿನಂತೆ ಅದರ ಜೊತೆ ಆಡುತ್ತಿದ್ದವು. ಆಡುತ್ತಿವೆ ಎಂದು ಅವಳಿಗೆ ತಡವಾಗಿ ಗೊತ್ತಾಯಿತು. ಗಂಟಲೊಳಗೆ ಏನೋ ಸಡಿಲಾಗಿ, ಒಂದು ಸಣ್ಣ, ಒರಟು ದನಿ ಎದ್ದಿತು. ಚಪ್ಪಾಳೆ, ಹಾರ್ಮೋನಿಯಂ, ಅಷ್ಟೊಂದು ಮಕ್ಕಳ ಹಾಡು. ಅದರೊಳಗೆ ಅದು ಯಾರಿಗೂ ಕೇಳುವಂತಿರಲಿಲ್ಲ.

ಮಡಿಲಲ್ಲಿದ್ದ ಮಗು ತಟ್ಟನೆ ಹಿಂದೆ ತಿರುಗಿತು. ಅವಳ ಮುಖವನ್ನೊಮ್ಮೆ ನೋಡಿ, ಕೈಯನ್ನು ಅವಳ ಎದೆಯ ಮೇಲೆ ಅಗಲವಾಗಿ ಇಟ್ಟು, ಅಲ್ಲಿ ಏನೋ ಇದೆ ಎಂಬಂತೆ, ಹಾಗೇ ಹಿಡಿದುಕೊಂಡಿತು.