ಹೆಂಗಸರ ವಾರ್ಡಿನ ಹಸಿರು ಪರದೆ

ನಾನು ಒಂದು ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನ ಪರದೆ. ಹುಟ್ಟಿದ್ದು ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಶೆಡ್ಡಿನಲ್ಲಿ. ಕಬ್ಬಿಣದ ಮೂರು ಚೌಕಟ್ಟು, ಅವಕ್ಕೆ ಹಸಿರು ಬಟ್ಟೆ, ಕೆಳಗೆ ಗಾಲಿ. ಒಂದು ಗಾಲಿ ಅಂದಿನಿಂದಲೂ ಕಿರ್ ಎನ್ನುತ್ತದೆ. ಎಣ್ಣೆ ಬಿಡುವ ಪುಣ್ಯಾತ್ಮರು ಯಾರೂ ಸಿಗಲಿಲ್ಲ. ಹೆಂಗಸರ ಮಾನ ಕಾಯುವ ಕೆಲಸವೆಂದು ಬೀಗುತ್ತಲೇ ಬಂದೆ.

ಮೂವತ್ತು ಮಂಚಕ್ಕೆ ಇದ್ದದ್ದು ನಾನೊಬ್ಬಳೇ. ಹಿರಿಯ ನರ್ಸು ಫಿಲೋಮಿನಾ ನನ್ನನ್ನು ಸಾಯುವವರಿಗೆಂದು ಮೀಸಲಿಟ್ಟರು. ಮೇಲುಸಿರು ಹತ್ತಿದ ಕೂಡಲೇ ಆ ಮಂಚದ ಸುತ್ತ ನನ್ನನ್ನು ನಿಲ್ಲಿಸುತ್ತಿದ್ದರು, ಉಳಿದವರು ನೋಡಿ ಹೆದರಬಾರದೆಂದು. ಉದ್ದೇಶವೇನೋ ಒಳ್ಳೆಯದೇ. ಆದರೆ ವರ್ಷ ಕಳೆಯುವಷ್ಟರಲ್ಲಿ ನನ್ನ ಗಾಲಿ ಕಿರ್ ಎಂದರೆ ಸಾಕು, ಉಣ್ಣುತ್ತಿದ್ದವರ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ನಾನು ಹೋಗಿ ನಿಂತ ಮಂಚದವಳು ಮರಳಿ ಮನೆಗೆ ಹೋದದ್ದಿಲ್ಲ.

ಕಸ್ತೂರಿ ಹೊಸ ನರ್ಸಾಗಿ ಬಂದ ವರ್ಷ ಹನ್ನೊಂದನೆಯ ಮಂಚಕ್ಕೆ ದ್ಯಾಮವ್ವ ಬಂದಳು. ಎದೆಯ ಕ್ಯಾನ್ಸರು ಒಡೆದು ಹುಣ್ಣಾಗಿತ್ತು. ಡಾಕ್ಟರು ಕೈಚೆಲ್ಲಿದ್ದರು, ಹುಣ್ಣು ತೊಳೆಯಿರಿ, ನೋವಿಗೆ ಔಷಧಿ ಕೊಡಿ ಎಂದಷ್ಟೇ ಹೇಳಿದ್ದರು. ಮಗಳು ಶಾಂತವ್ವ ಕಸ್ತೂರಿಯನ್ನು ಮೂಲೆಗೆ ಕರೆದು, ಅವ್ವನಿಗೆ ಕುರು ಎಂದು ಹೇಳಿದ್ದೇವೆ, ನೀವೂ ಹಾಗೇ ಹೇಳಬೇಕು ಎಂದು ಆಣೆ ಮಾಡಿಸಿಕೊಂಡಳು. ಡಾಕ್ಟರೂ ಹೂಂಗುಟ್ಟಿದರು. ಕಸ್ತೂರಿ ಏನು ಮಾಡಿಯಾಳು, ಒಪ್ಪಿದಳು.

ದ್ಯಾಮವ್ವ ಸೆರಗು ಜಾರಿದರೆ ಜೀವವೇ ಹೋಯಿತು ಎನ್ನುವಂಥವಳು. ಎರಡು ದಿನ ಹುಣ್ಣು ತೊಳೆಯುವಾಗ ಮಗಳು ಚಾದರ ಅಡ್ಡ ಹಿಡಿದಳು. ಮೂರನೆಯ ದಿನ ಮಗಳು ಊರಿಗೆ ಹೋಗಿದ್ದಳು. ವಾರ್ಡಿನ ತುಂಬ ಜನ, ನೋಡಲು ಬಂದ ಗಂಡಸರೂ ಇದ್ದರು. ದ್ಯಾಮವ್ವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅಳತೊಡಗಿದಳು. ಕಸ್ತೂರಿ ಓಡಿ ಬಂದು ನನ್ನನ್ನು ಎಳೆದುಕೊಂಡು ಹೊರಟಳು. ಬದುಕಿರುವವಳ ಮಾನ ಕಾಯಲು ನನ್ನನ್ನು ಕರೆದದ್ದು ಅದೇ ಮೊದಲು. ನನಗೆ ನಿಜಕ್ಕೂ ಸಂತೋಷವಾಯಿತು.

ಗಾಲಿ ಕಿರ್ ಎಂದಿತು. ವಾರ್ಡು ಗಪ್‌ಚಿಪ್ಪಾಯಿತು. ಪಕ್ಕದ ಮಂಚದವಳು ಕೈಮುಗಿದಳು. ಆ ಎರಡು ದಿನಗಳಲ್ಲೇ ನಾನು ಸಾಯುತ್ತಿದ್ದ ಇಬ್ಬರನ್ನು ಮರೆಮಾಡಿದ್ದನ್ನು ದ್ಯಾಮವ್ವ ಕಣ್ಣಾರೆ ಕಂಡಿದ್ದಳು.

"ತಂಗಿ, ಖರೇ ಹೇಳು. ನಂದು ಕುರು ಏನು, ಸಾಯೂ ಬ್ಯಾನಿ ಏನು?"

ನಿಜ ಕಸ್ತೂರಿಯ ನಾಲಿಗೆಯ ತುದಿಗೆ ಬಂದಿತ್ತು. ಆಣೆ ನೆನಪಾಯಿತು, ನುಂಗಿಕೊಂಡಳು.

"ಕುರು ಐತಿ ಯವ್ವಾ. ಮಾಯತೈತಿ."

"ಹಂಗಿದ್ರ ಆ ಪರದೆ ತಗಿ."

ಕಸ್ತೂರಿ ನನ್ನನ್ನು ಹಿಂದಕ್ಕೆ ತಳ್ಳಿದಳು. ದ್ಯಾಮವ್ವ ಎಲ್ಲರೆದುರು ತಾನೇ ಸೆರಗು ಸರಿಸಿದಳು.

ಹತ್ತೊಂಬತ್ತು ದಿನ ಹಾಗೇ ನಡೆಯಿತು. ಮಗಳು ಮರಳಿ ಬಂದು ಚಾದರ ಹಿಡಿಯಹೋದರೂ ಆಕೆ ಬೇಡವೆಂದಳು. ಬಂದವರು ಮೂಗು ಮುಚ್ಚಿಕೊಂಡೇ ಕಣ್ಣು ಬಿಟ್ಟು ನೋಡುತ್ತಿದ್ದರು. ಆಕೆ ನರಳಲಿಲ್ಲ, ನೋವಿನ ಔಷಧಿಯನ್ನೂ ಕೇಳಲಿಲ್ಲ. ಮಾಯುತ್ತಿರುವ ಕುರುವಿಗೆ ಯಾರಾದರೂ ನರಳುತ್ತಾರೆಯೇ? ಕಸ್ತೂರಿ ದಿನವೂ ತಲೆ ತಗ್ಗಿಸಿಕೊಂಡು ತೊಳೆಯುತ್ತಿದ್ದಳು.

ಇಪ್ಪತ್ತನೆಯ ದಿನ ದ್ಯಾಮವ್ವನಿಗೆ ಮೇಲುಸಿರು ಹತ್ತಿತು. ಕಸ್ತೂರಿ ನನ್ನನ್ನು ತಂದಳು. ಗಾಲಿಯ ಸದ್ದಿಗೆ ದ್ಯಾಮವ್ವ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಕಸ್ತೂರಿಯನ್ನು ನೋಡಿದಳು. ಆಕೆಯ ಕೈ ತಡವರಿಸುತ್ತ ಸೆರಗನ್ನು ಹುಡುಕಿ, ಎದೆಯ ಮೇಲೆ ಎಳೆದುಕೊಂಡಿತು.

ಈಗ ನಾನು ಹಿಂದಿನ ಪಡಸಾಲೆಯಲ್ಲಿದ್ದೇನೆ. ನನ್ನ ಮೇಲೆ ನೆಲ ಒರೆಸುವ ಬಟ್ಟೆಗಳು ಒಣಗುತ್ತವೆ. ಕಸ್ತೂರಿಯೇ ಈಗ ವಾರ್ಡಿನ ಹಿರಿಯ ನರ್ಸು. ಎಂಥ ಹುಣ್ಣನ್ನೂ ಬಟಾಬಯಲಿನಲ್ಲೇ ತೊಳೆಸುತ್ತಾಳೆ. ಪರದೆ ಬೇಕೆಂದವರಿಗೆ, ರೋಗಿ ಹೆದರುತ್ತಾಳೆ ಎನ್ನುತ್ತಾಳೆ. ಹೊಸ ನರ್ಸುಗಳು ಅವಳನ್ನು ಕಲ್ಲೆದೆಯವಳು ಎಂದು ಬಯ್ಯುತ್ತಾರೆ. ಅವಳು ನನ್ನನ್ನು ಎಳೆದುಕೊಂಡು ಓಡಿದ ದಿನವನ್ನು ಅವರು ಕಂಡಿಲ್ಲ.

ಹೆಂಗಸರ ಮಾನ ಕಾಯಲೆಂದು ಹುಟ್ಟಿದವಳು ನಾನು. ನನ್ನಿಂದ ಪಾರಾಗಲೆಂದು ಒಬ್ಬ ಹೆಂಗಸು ಹತ್ತೊಂಬತ್ತು ದಿನ ಮಾನವನ್ನೇ ಬಿಟ್ಟುಕೊಟ್ಟಳು.